ಕುರಿ ಡಾಕ್ಟರ ಆಟದ ಸಂಗೀತ

ಅವರು ನಿವೃತ್ತರಾದ ಸುದ್ದಿ ನನಗೆ ಒಂದು ಫೋಟೊ ರೂಪದಲ್ಲಿ ಬಂತು. ಸೊರಬದ ಪಶು ಆಸ್ಪತ್ರೆಯ ಮುಂದೆ ಸಣ್ಣದೊಂದು ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ನಡುವೆ ಶಾಲು ಹೊದ್ದು ಪೇಟ ತೊಟ್ಟು ಕೂತಿರುವ ಅವರು. ಪೇಟ ಒಂದು ಕಿವಿಯ ಮೇಲೆ ಜಾರಿದೆ. ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಬಲಗೈ ಬೆರಳುಗಳು ಬುಟ್ಟಿಯ ಅಂಚಿನ ಮೇಲೆ ಅಗಲವಾಗಿ ಹರಡಿಕೊಂಡಿವೆ. ನೋಡಿದವರು ಬುಟ್ಟಿ ಬೀಳದಂತೆ ಹಿಡಿದಿದ್ದಾರೆ ಎಂದುಕೊಳ್ಳಬೇಕು. ಭಾಷಣ ನಡೆಯುವಾಗ ಅವರ ಬೆರಳುಗಳು ಹಾಗೆ ಹರಡಿಕೊಂಡಿದ್ದರೆ ಒಳಗೆ ಯಾವುದೋ ಮಟ್ಟು ಓಡುತ್ತಿದೆ ಎಂದರ್ಥ. ಅದು ನನಗೂ ಅವರ ಹೆಂಡತಿಗೂ ಮಾತ್ರ ಗೊತ್ತು.

ಫೋಟೊ ಕಳಿಸಿದ್ದು ಅವರ ಹೆಂಡತಿಯೇ. ಆಮೇಲೆ ಫೋನ್ ಮಾಡಿದರು.

"ಎಲ್ಲಾ ಚೆನ್ನಾಗಾತು ಮೇಡಂ. ಲಸಿಕೆ ಹಾಕಿದ್ದು, ಕುರಿ ಉಳಿಸಿದ್ದು, ಮಳೇಲಿ ನಡ್ಕಂಡು ಹೋಗಿದ್ದು, ಎಲ್ಲಾ ಹೇಳಿದ್ರು. ಇವ್ರದ್ದು ಮಾತ್ರ ಎಂತ ಮಾತಿಲ್ಲ. ಎದ್ದು ನಿಂತು ಕೈ ಮುಗಿದು ಕೂತ್ರು."

"ಸಂಗೀತದ ವಿಷಯ ಯಾರಾದರೂ ಹೇಳಿದರಾ?"

"ಯಾರಿಗೆ ಗೊತ್ತಿತ್ತು ಹೇಳದಕ್ಕೆ?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿಕಾರಿಪುರದ ಕಾಲೇಜೊಂದಕ್ಕೆ ಇಂಗ್ಲಿಷ್ ಉಪನ್ಯಾಸಕಿಯಾಗಿ ಬಂದಾಗ ಮಾರುಕಟ್ಟೆ ಪ್ರಾಂಗಣದ ಹಿಂದಿನ ಬೀದಿಯಲ್ಲಿ ಮಹಡಿಯ ಮನೆ ಬಾಡಿಗೆಗೆ ಸಿಕ್ಕಿತು. ಕೆಳಗಿನ ಮನೆಯಲ್ಲಿ ಅವರಿಬ್ಬರು. ಪಶು ವೈದ್ಯಕೀಯ ಇಲಾಖೆಯಲ್ಲಿ ಅವರು ಜಾನುವಾರು ಇನ್‌ಸ್ಪೆಕ್ಟರ್. ಡಾಕ್ಟರ ಕೈಕೆಳಗಿನ ಹುದ್ದೆ. ಆದರೆ ತಾಳಗುಂದ, ಬಳ್ಳಿಗಾವಿ ಕಡೆಯ ಕುರಿ ಸಾಕುವವರಿಗೆಲ್ಲ ಅವರೇ ಡಾಕ್ಟ್ರು. "ನಾ ಡಾಕ್ಟ್ರಲ್ಲವ್ವ, ಇನ್‌ಸ್ಪೆಕ್ಟ್ರು" ಎಂದು ಅವರು ತಿದ್ದುವುದನ್ನು ನಾನೇ ಕೇಳಿದ್ದೇನೆ. ಕುರಿ ಹಿಡಿದುಕೊಂಡು ನಿಂತಿದ್ದ ಮುದುಕಿ, "ಇನ್‌ಸ್ಪೆಕ್ಟ್ರು ಅಂದ್ರೆ ಪೊಲೀಸ್ನೋರು. ಅವರು ನಮ್ಮ ಕುರಿ ಮುಟ್ಟಲ್ಲ. ನೀವು ಡಾಕ್ಟ್ರೇ" ಎಂದು ಮಾತು ಮುಗಿಸಿದಳು. ನಾನೂ ಹಾಗೇ ಕರೆಯತೊಡಗಿದೆ. ನನ್ನನ್ನು ತಿದ್ದುವ ಗೋಜಿಗೆ ಅವರು ಹೋಗಲಿಲ್ಲ.

ಬಂದ ಹೊಸತರಲ್ಲೇ ಒಂದು ಸಂಜೆ ಕೆಳಗಿನಿಂದ ವಿಚಿತ್ರ ಸದ್ದು ಶುರುವಾಯಿತು. ಸಣ್ಣ ಸಣ್ಣ ಕೀರಲು ಸ್ವರಗಳು, ನಡುವೆ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಚುರ್ ಚುರ್. ಅದೇ ನಾಲ್ಕು ಸಾಲು ತಿರುಗಿ ತಿರುಗಿ ಬರುತ್ತಿತ್ತು. ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದ ನನಗೆ ತಲೆ ಕೆಟ್ಟಿತು. ಯಾವ ಮಗುವಿಗೆ ಇಂಥ ಆಟದ ಸಾಮಾನು ಕೊಡಿಸಿದ್ದಾರಪ್ಪ ಎಂದುಕೊಂಡು ಇಳಿದು ಹೋದರೆ, ಆ ಮನೆಯಲ್ಲಿ ಮಗುವೇ ಇರಲಿಲ್ಲ. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ನಡುಮನೆಯಲ್ಲಿ ಹಳೆಯ ಡಬ್ಬಿ ಟಿವಿಯ ಮುಂದೆ, ಲುಂಗಿ ಉಟ್ಟು, ಖಾಕಿ ಅಂಗಿಯನ್ನು ಇನ್ನೂ ಬಿಚ್ಚದೆ ಕೂತಿದ್ದವರು ಡಾಕ್ಟ್ರು. ಮಡಿಲಲ್ಲಿ ದಪ್ಪನೆಯ ಕೀಬೋರ್ಡಿನಂಥ ಯಂತ್ರ.

"ಜೋರಾತೇನ್ರಿ? ಈ ಟಿವಿದು ಗುಂಡಿ ಸವೆದು ಹೋಗೈತಿ. ಒಂದೋ ಕೇಳಲ್ಲ, ಇಲ್ಲಾ ಊರಿಗೆಲ್ಲ ಕೇಳ್ತತಿ."

ಜಗಳಕ್ಕೆ ಹೋದವಳು ಟೀ ಕುಡಿದು ಬಂದೆ.

ಆ ಕೀಬೋರ್ಡೇ ಒಂದು ಕಂಪ್ಯೂಟರು. ಮನೆಗಳಲ್ಲಿ ಟಿವಿಗೆ ಸಿಕ್ಕಿಸಿ ಆಟವಾಡಲೆಂದು ಹಿಂದೆ ಮಾಡಿದ್ದಂತೆ. ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಟೇಪ್‌ರೆಕಾರ್ಡರಿಗೆ ಹಾಕಿ ಒಂದಷ್ಟು ಹೊತ್ತು ಕಿರುಚಾಟ ಕೇಳಿದ ಮೇಲೆ ಪರದೆಯಲ್ಲಿ ಆಟ ಮೂಡುತ್ತಿತ್ತು. ಅವರು ಶಿವಮೊಗ್ಗದಲ್ಲಿ ತರಬೇತಿಗಿದ್ದಾಗ ಅಲ್ಲಿನ ಒಂದು ಕಂಪ್ಯೂಟರ್ ತರಗತಿಯವರು ಬಾಗಿಲು ಹಾಕಿ ಇಂಥವನ್ನೆಲ್ಲ ಗುಜರಿಗೆ ಹಾಕುತ್ತಿದ್ದರಂತೆ. ಇವರು ಕೇಳಿ ಒಂದನ್ನು ಕ್ಯಾಸೆಟ್ಟುಗಳ ಸಮೇತ ಚೀಲದಲ್ಲಿ ತಂದರು. ಆಡಲು ಕೂತರೆ ಆಟ ಕೈಗೆ ಹತ್ತಲಿಲ್ಲ. ಕಿವಿ ಮಾತ್ರ ಅದರ ಸಂಗೀತದಲ್ಲೇ ನಿಂತಿತು.

"ಒಂದು ಹೊತ್ತಿಗೆ ಮೂರೇ ಸ್ವರ ಮೇಡಂ ಇದಕ್ಕೆ. ನಾಲ್ಕನೇದು ಬ್ಯಾಡ ಅಂತತಿ. ಮೂರರಾಗೇ ಹಾಡು ಆಗ್ಬೇಕು, ತಾಳ ಆಗ್ಬೇಕು, ಶ್ರುತಿ ಆಗ್ಬೇಕು. ಅದ್ರಾಗೂ ಆಟ ಆಡೋನು ಒಂದ್ಸಲ ಜಿಗಿದ ಅಂದ್ರೆ ಆ ಜಿಗಿಯೋ ಸದ್ದಿಗೆ ಮೂರನೇ ದನಿ ಕಿತ್ಕಂಡು ಹೋಗ್ತತಿ. ಹಂಗೆ ಕಿತ್ಕಂಡ್ರೂ ಮಟ್ಟು ಕುಂಟಬಾರದು. ಹಂಗೆ ಕಟ್ಟಬೇಕು."

ಅವರ ತಂದೆ ಕುರಿ ಸಾಕಿದವರು. ಇವರು ಹರೆಯದಲ್ಲಿ ಊರಿನ ನಾಟಕದ ಮೇಷ್ಟರ ಹತ್ತಿರ ಹಾರ್ಮೋನಿಯಂ ಕಲಿತು, ಸುತ್ತಲ ಹಳ್ಳಿಗಳ ನಾಟಕಗಳಿಗೆ ನುಡಿಸಿದವರು. ಕಂಪ್ಯೂಟರ್ ಆಟಕ್ಕೂ ಹಳ್ಳಿ ನಾಟಕಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

"ರಾಜನ ಪಾರ್ಟಿನೋನು ಒಳಗೆ ಮೀಸೆ ಅಂಟಿಸ್ಕಂತಿರ್ತಾನೆ. ಹೊರಗೆ ನಾವು ಪ್ರವೇಶದ ಮಟ್ಟು ಶುರು ಮಾಡಿರ್ತೀವಿ. ಅವನು ಯಾವಾಗ ಬರ್ತಾನೋ ಗೊತ್ತಿಲ್ಲ. ಬರೋ ತನಕ ಅದನ್ನೇ ಸುತ್ತಿ ಸುತ್ತಿ ನುಡಿಸ್ಬೇಕು. ಕುಂತ ಜನ ಆಕಳಿಸಬಾರದು. ಇಲ್ಲೂ ಅದೇ ರೀ. ಆಡೋನು ಒಂದೇ ಕಡೆ ಎಷ್ಟು ಹೊತ್ತು ಒದ್ದಾಡ್ತಾನೋ ಯಾರು ಕಂಡೋರು? ಅಲ್ಲೀ ತನಕ ಅವನ ಜತೆ ನಾವು ಇರ್ಬೇಕು."

ಕೆಲಸ ಮುಗಿಸಿ ಬಂದವರು ಮೊದಲು ಹಾರ್ಮೋನಿಯಂ ಮೇಲೆ ಮಟ್ಟು ಹುಡುಕುವರು. ಸಿಕ್ಕಿದ್ದನ್ನು ಅಂಕಿಗಳಾಗಿ ಯಂತ್ರಕ್ಕೆ ಕೊಡುವರು: ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಜೋರು. ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಇದನ್ನು ಸುಲಭವಾಗಿ ಮಾಡುವ ತಂತ್ರಾಂಶ ಸಿಕ್ಕಮೇಲೆ ಅದನ್ನೂ ಬಳಸಿದರು. ಆದರೆ ಕೊನೆಗೊಮ್ಮೆ ಹಳೆಯ ಯಂತ್ರ, ಹಳೆಯ ಟಿವಿಯಲ್ಲಿ ಕೇಳದೆ ಯಾವುದನ್ನೂ ಮುಗಿಯಿತು ಎನ್ನುತ್ತಿರಲಿಲ್ಲ. ಹೊಸ ಟಿವಿಯಲ್ಲಿ ಸದ್ದು ಒಂದು ಕೂದಲೆಳೆ ತಡವಾಗುತ್ತದೆಂದು ಮಗಳು ತರಿಸಿಕೊಟ್ಟ ತೆಳ್ಳನೆಯ ಟಿವಿಯನ್ನು ಮಲಗುವ ಕೋಣೆಗೆ ತಳ್ಳಿದ್ದರು.

ಅವರ ಹೆಂಡತಿ ಸೊರಬದ ಕಡೆಯವರು. ಆಟ ಆಡುವುದು ಅವರ ಪಾಲಿನ ಕೆಲಸ, ಏಕೆಂದರೆ ಡಾಕ್ಟರಿಗೆ ಎಂಥ ಸುಲಭದ ಆಟದಲ್ಲೂ ಮೊದಲ ಹಳ್ಳ ದಾಟಲು ಬರುತ್ತಿರಲಿಲ್ಲ. "ಸೂಜಿ ಚುಚ್ಚೋ ಕೈ, ಇದಕ್ಕೆ ಆಗಿ ಬರದಿಲ್ಲ" ಎನ್ನುತ್ತ ಆಕೆ ಅನ್ನಕ್ಕಿಟ್ಟು ಬಂದು ಕೂತು, ಕುಕ್ಕರ್ ಕೂಗುವುದರೊಳಗೆ ಎಲ್ಲ ಹಂತ ದಾಟಿಸಿ ಎದ್ದು ಹೋಗುವರು.

ಒಂದು ಮಧ್ಯಾಹ್ನ ಡಾಕ್ಟ್ರು ಫೋನ್ ಹಿಡಿದುಕೊಂಡು ಮಹಡಿ ಹತ್ತಿ ಬಂದರು. ಹಳೆಯ ಕಂಪ್ಯೂಟರುಗಳ ಹುಚ್ಚಿನವರು ಸೇರುವ ಒಂದು ಜಾಲತಾಣಕ್ಕೆ ಅವರು ತಮ್ಮ ಮಟ್ಟುಗಳನ್ನು ಹಾಕುತ್ತಿದ್ದರು. ಅದನ್ನು ಕೇಳಿದ ಯಾರೋ ಇಂಗ್ಲಿಷಿನಲ್ಲಿ ಮೇಲ್ ಬರೆದಿದ್ದರು.

"ಲಾಟರಿ ಹೊಡ್ದೈತಿ ಅನ್ನೋರ ಪೈಕಿ ಇರ್ಬೇಕು. ಒಂದ್ಸಲ ಓದಿ ಹೇಳ್ರಿ ಮೇಡಂ, ಅಳಿಸಿ ಹಾಕ್ತೀನಿ."

ಬರೆದಾಕೆ ಯುರೋಪಿನ ಉತ್ತರದ ಚಳಿ ದೇಶವೊಂದರ ಹೆಂಗಸು. ಶಾಲೆಯಲ್ಲಿ ಹೊಲಿಗೆ, ಕಸೂತಿ ಕಲಿಸಿ ನಿವೃತ್ತಳಾಗಿದ್ದಳು. ಇದೇ ಹಳೆಯ ಯಂತ್ರಕ್ಕೆ ತಾನೇ ಸಣ್ಣ ಸಣ್ಣ ಆಟಗಳನ್ನು ಬರೆಯುತ್ತಿದ್ದಳು. ನಿಮ್ಮ ಮಟ್ಟನ್ನು ನನ್ನ ಆಟಕ್ಕೆ ಬಳಸಿಕೊಳ್ಳಲೇ ಎಂದು ಕೇಳಿದ್ದಳು. ಆಟವನ್ನು ಎಲ್ಲರಿಗೂ ಪುಕ್ಕಟೆ ಕೊಡುವವಳು ತಾನು, ಹಾಗಾಗಿ ಕೊಡಲು ದುಡ್ಡಿಲ್ಲ ಎಂದೂ ಬರೆದಿದ್ದಳು.

"ದುಡ್ಡು ಕೊಡಲ್ಲ ಅಂದಾರಾ?" ಡಾಕ್ಟರ ಮುಖ ಸಡಿಲಾಯಿತು. "ಹಂಗಾದ್ರೆ ಮೋಸ ಅಲ್ಲ ಬಿಡ್ರಿ. ಆತು ಅಂತ ಬರೀರಿ."

ಅಂದಿನಿಂದ ಅವರ ಇಂಗ್ಲಿಷ್ ನಾನಾದೆ. ಭಾನುವಾರ ಮಧ್ಯಾಹ್ನ ಬಂದು, ಕುರ್ಚಿ ಕೊಟ್ಟರೂ ಕೂರದೆ, ಕಿಟಕಿಯ ಹತ್ತಿರ ನಿಂತು ಹೇಳುವರು. ನಾನು ಬರೆಯುವೆ. ಆಕೆಗೂ ಇಂಗ್ಲಿಷ್ ಮನೆಮಾತಲ್ಲ. ಹೀಗೆ ಇಬ್ಬರಿಗೂ ತಮ್ಮದಲ್ಲದ ಭಾಷೆಯ ನಡುವೆ ನಾನು ನಿಂತಿದ್ದೆ. ಕೆಲವು ಮಾತುಗಳನ್ನು ದಾಟಿಸುವುದಕ್ಕೆ ಬೆವರು ಹರಿಸಿದ್ದೇನೆ.

"ಆ ಜಾಗ ಸ್ವಲ್ಪ ಒಗರಾಗೈತಿ, ತಿದ್ದಿ ಕಳಿಸ್ತೀನಿ ಅಂತ ಬರೀರಿ."

"ಸಂಗೀತ ಒಗರಾಗುವುದು ಹೇಗೆ ಡಾಕ್ಟ್ರೇ?"

"ಬಾಳೆಕಾಯಿ ಹಸೀದು ಕಚ್ಚಿದ್ರೆ ನಾಲಗೆ ಹೆಂಗಾಗ್ತತಿ? ಹಂಗೆ."

ಹಸಿ ಬಾಳೆಕಾಯಿ ಎಂದೇ ಬರೆದೆ. ನಮ್ಮ ದೇಶದಲ್ಲಿ ಬಾಳೆ ಬೆಳೆಯುವುದಿಲ್ಲ, ಆದರೆ ಬೇಲಿಯಲ್ಲಿ ಬಿಡುವ ಒಂದು ಕಾಯಿ ಇದೆ, ಮಾಗುವ ಮೊದಲು ತಿಂದರೆ ಬಾಯಿ ಹಾಗೇ ಆಗುತ್ತದೆ, ನೀವು ಹೇಳುವ ಜಾಗ ನನಗೂ ಗೊತ್ತಾಯಿತು ಎಂದು ಉತ್ತರ ಬಂತು. ಡಾಕ್ಟ್ರು ಅದನ್ನು ಕೇಳಿ ಕಿಟಕಿಯಾಚೆ ನೋಡುತ್ತ ಬಹಳ ಹೊತ್ತು ನಗುತ್ತಿದ್ದರು.

ಆಕೆಯ ಹೆಸರು ಹಿಡಿದು ಕರೆಯಲು ಅವರು ಒಪ್ಪಲಿಲ್ಲ. "ನನಗಿಂತ ದೊಡ್ಡೋರು. ಅಕ್ಕ ಅಂತ ಹಾಕ್ರಿ." ಆ ಶಬ್ದವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದು ಅರ್ಥ ವಿವರಿಸಿದೆ. ಮುಂದಿನ ಪತ್ರದ ಕೊನೆಯಲ್ಲಿ ಆಕೆ ತನ್ನ ಹೆಸರಿನ ಬದಲು ಅಕ್ಕ ಎಂದೇ ಬರೆದಿದ್ದಳು. ಆಮೇಲೆ ಅದೇ ಉಳಿಯಿತು.

ವರ್ಷಗಳಲ್ಲಿ ಒಂದಾದ ಮೇಲೆ ಒಂದು ಆಟ ಬಂತು. ತೋಟದಲ್ಲಿ ಹಣ್ಣು ಆಯುವ ಮುಳ್ಳುಹಂದಿಯ ಆಟ, ಗಾಳಿ ಮಳೆ ಬರುವುದರೊಳಗೆ ದೊಡ್ಡ ಮನೆಯ ಕಿಟಕಿಗಳನ್ನೆಲ್ಲ ಮುಚ್ಚುವ ಆಟ. ಆಟಗಾರರು ಜಾಲತಾಣದಲ್ಲಿ ಸಂಗೀತ ಹೊಗಳಿದರೆ ಡಾಕ್ಟರಿಗೆ ಮುಜುಗರ. ಓದಿ ಹೇಳಲು ಹೋದರೆ, "ಬೈದಿರೋದು ಏನರ ಇದ್ರೆ ಓದ್ರಿ" ಎನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಒಳ್ಳೆಯ ಮಾತನ್ನು ಕೇಳಿಸಿಕೊಳ್ಳುವುದೂ ಒಂದು ಮರ್ಯಾದೆಯಲ್ಲವೇ ಎಂದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರಲ್ಲಿ ನನಗೆ ಹಿಡಿಸದ ಒಂದು ಗುಣವೆಂದರೆ ಅದೇ.

ಈ ನಡುವೆ ಅವರಿಗೆ ಸೊರಬಕ್ಕೆ ವರ್ಗವಾಯಿತು. ಡಿಕ್ಟೇಷನ್ ಫೋನಿನಲ್ಲಿ ಮುಂದುವರಿಯಿತು. ಬಿಡುವಿದ್ದ ಭಾನುವಾರ ನಾನೇ ಬಸ್ಸು ಹತ್ತುತ್ತಿದ್ದೆ.

ಕುರಿಯ ಆಟದ ಮಾತು ಹೊರಟದ್ದು ಆಗಲೇ. ನಿನ್ನ ಕೆಲಸ ಏನು ಎಂದು ಅಕ್ಕ ಒಮ್ಮೆ ಕೇಳಿದ್ದಳು. ಇವರು ಹಿಂಡು ಹೊಡೆದುಕೊಂಡು ಊರೂರು ದಾಟುವವರ ವಿಷಯವನ್ನು ಎರಡು ಭಾನುವಾರ ಹೇಳಿ ಬರೆಸಿದರು. ಅಕ್ಕನಿಗೆ ಅದು ಬಹಳ ಹಿಡಿಸಿತು. ಕುರಿಗಾಹಿಯೊಬ್ಬ ಒಂಬತ್ತು ಬಯಲು ದಾಟಿಸಿ ಹಿಂಡನ್ನು ಹಟ್ಟಿ ಸೇರಿಸುವ ಆಟ ಎಂದು ಗೊತ್ತುಮಾಡಿಕೊಂಡಳು. ಬಯಲಿಗೊಂದು ಮಟ್ಟು ಇವರದ್ದು. ಅವಳ ಮೊದಲ ಮಾದರಿಯಲ್ಲಿ ಕುರಿಗಳು ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಹೋಗುತ್ತಿದ್ದವು. ಡಾಕ್ಟ್ರು ತಲೆ ಚಚ್ಚಿಕೊಂಡರು. "ಕುರಿ ಗುಂಪಾಗಿ ಹೋಗ್ತಾವೆ ಅಂತ ಬರೀರಿ. ಮುಂದಿನದು ತಿರುಗಿದ್ರೆ ಎಲ್ಲಾ ತಿರುಗ್ತಾವೆ. ಹೆದ್ರಿದ್ರೆ ಒಂದ್ರ ಹೊಟ್ಟಿಗೆ ಒಂದು ತಲೆ ತುರುಕ್ತಾವೆ." ಅಕ್ಕ ಎಲ್ಲವನ್ನೂ ತಿದ್ದಿದಳು. ಒಂದೂ ಬೇಸರದ ಮಾತಾಡಲಿಲ್ಲ.

ಅದೇ ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಗೆ ರೋಗ ಬಿತ್ತು. ಬಾಯಿ ಊದಿ, ಮೇವು ಬಿಟ್ಟು, ನಿಂತಲ್ಲೇ ಕುಸಿಯುತ್ತಿದ್ದವು. ಡಾಕ್ಟ್ರು ಬೆಳಗ್ಗೆ ಹೊರಟರೆ ಸಂಜೆ ಕೆಸರು ಮೆತ್ತಿದ ಕಾಲಲ್ಲಿ ಬರುವರು. ಹಾರ್ಮೋನಿಯಂ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಐದನೆಯ ಬಯಲಿನ ಮಟ್ಟು ಬಾಕಿಯಿತ್ತು. ಯಾಕೆ ತಡ ಎಂದು ನಾನು ಅಕ್ಕನಿಗೆ ಬರೆದೆ. ಆಟದ ಕುರಿಗಳು ಕಾಯುತ್ತವೆ, ಅವನ ಕುರಿಗಳು ಹೇಗಿವೆ ಹೇಳು ಎಂದು ಉತ್ತರ ಬಂತು. ಆಮೇಲೆ ವಾರ ವಾರವೂ ಅದನ್ನೇ ಕೇಳುತ್ತಿದ್ದಳು. ಅವಳಿಗೆ ಬರೆಯಲೆಂದೇ ನಾನು ಫೋನ್ ಮಾಡಿ ಯಾವ ಹಳ್ಳಿಯಲ್ಲಿ ಎಷ್ಟು ಉಳಿದವು ಎಂದು ವಿಚಾರಿಸಿಕೊಳ್ಳುವಂತಾಯಿತು. "ಅಕ್ಕಂಗೆ ಹೇಳ್ರಿ, ಇವತ್ತು ಒಂದೂ ಸಾಯಲಿಲ್ಲ" ಎಂದು ಅವರು ಒಂದು ದಿನ ಹೇಳಿದರು. ರೋಗ ಇಳಿದ ಮೇಲೆ ಕೂತು ಐದರಿಂದ ಒಂಬತ್ತರವರೆಗೆ ಒಂದೇ ಉಸಿರಿನಲ್ಲಿ ಮಾಡಿ ಕಳಿಸಿದರು. ಅಕ್ಕ ಎಲ್ಲವನ್ನೂ ಒಪ್ಪಿದಳು.

ಆಮೇಲೆ ಅವಳಿಂದ ಮೇಲ್ ಬರುವುದು ನಿಂತಿತು. ನಿಧಾನ ಮಾಡುತ್ತಿದ್ದಾಳೆ ಎಂದುಕೊಂಡೆವು. ಒಂದು ದಿನ ಅವಳ ತಂಗಿಯ ಮಗ ಬರೆದ. ಅವಳು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಆರು ಬಯಲು ಮುಗಿದಿದ್ದವು. ಅವನಿಗೆ ಇದೊಂದೂ ತಿಳಿಯದು. ಇದ್ದದ್ದನ್ನೆಲ್ಲ ಆ ಜಾಲತಾಣಕ್ಕೇ ಹಾಕಿಬಿಡುತ್ತೇನೆ, ಬೇಕಾದವರು ತೆಗೆದುಕೊಳ್ಳಲಿ ಎಂದಿದ್ದ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಬಸ್ಸು ಹತ್ತಿ ಸೊರಬಕ್ಕೆ ಹೋದೆ. ಡಾಕ್ಟ್ರು ಆಗಷ್ಟೇ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಭಾನುವಾರವಲ್ಲದ ದಿನ ನನ್ನನ್ನು ಕಂಡು ಚೊಂಬು ಕೆಳಗಿಟ್ಟರು. ಹೇಳಿದೆ.

"ಯಾವಾಗಂತೆ?"

"ಹೋದ ವಾರ."

"ನೋವಿತ್ತಂತಾ?"

"ಅದನ್ನು ಬರೆದಿಲ್ಲ."

ಅವರು ಇನ್ನೊಂದು ಕಾಲಿಗೂ ನೀರು ಹಾಕಿಕೊಂಡರು. ಒಳಗೆ ಬಂದು, ಅವನು ಬರೆದದ್ದನ್ನು ಪೂರ್ತಿ ಓದಿಸಿಕೊಂಡರು. ಟಿವಿಯ ಮುಂದಿದ್ದ ಯಂತ್ರದ ಮೇಲೆ ಹೆಂಡತಿಯ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಆ ಹೆಂಗಸಿನ ಮುಖವನ್ನು ನಾವು ಮೂವರೂ ಕಂಡವರಲ್ಲ.

ಹಲವು ತಿಂಗಳು ಆ ಬಟ್ಟೆ ಅಲ್ಲೇ ಇತ್ತು. ಡಾಕ್ಟ್ರು ಕೆಲಸಕ್ಕೆ ಹೋಗುವರು, ಬರುವರು, ವಾರ್ತೆ ನೋಡುವರು. "ನೀವಾದ್ರೂ ಹೇಳಿ ಮೇಡಂ" ಎಂದು ಅವರ ಹೆಂಡತಿ ಫೋನ್ ಮಾಡಿದರು. "ಮನೇಲಿ ಸದ್ದೇ ಇಲ್ಲ. ಮೊದ್ಲು ಸದ್ದಿಗೆ ತಲೆ ಕೆಡ್ತಿತ್ತು, ಈಗ ಇಲ್ದೇ ಕೆಡ್ತದೆ."

ಆ ಹೊತ್ತಿಗೆ ಒಬ್ಬ ಮುಂದೆ ಬಂದ. ದಕ್ಷಿಣ ಅಮೆರಿಕದ ದಂತವೈದ್ಯ. ಸಂಜೆ ಹೊತ್ತು ಹಳೆಯ ಯಂತ್ರಗಳಿಗೆ ಆಟ ಬರೆಯುವವನು. ಉಳಿದ ಮೂರು ಬಯಲನ್ನು ನಾನು ಮುಗಿಸಲೇ ಎಂದು ಬಹಳ ವಿನಯದಿಂದ ಕೇಳಿದ್ದ.

"ಬ್ಯಾಡ ಅಂತ ಬರೀರಿ. ಒಂದೇ ಸಾಲು ಸಾಕು."

"ಯಾಕೆ ಬೇಡ? ಅಕ್ಕ ಅಷ್ಟು ಕಷ್ಟಪಟ್ಟದ್ದು ಅರ್ಧಕ್ಕೆ ನಿಲ್ಲಬೇಕಾ? ಕುರಿಗಳು ಆರನೇ ಬಯಲಲ್ಲೇ ನಿಂತಿವೆ ಡಾಕ್ಟ್ರೇ."

"ನಿಲ್ಲಲಿ. ಕಾಯೋರು ಇಲ್ಲದ ಮ್ಯಾಲೆ ನಿಲ್ಲೋದೇ ಸರಿ."

"ಆಡುವವರಿಗಾಗಿ ಆದರೂ..."

"ಅವಳು ನನ್ನ ಕೇಳಿ ಮಾಡಿದ್ಲು ಮೇಡಂ. ಒಂದೊಂದು ಕುರಿ ನನ್ನ ಕೇಳಿ ಇಟ್ಟಾಳೆ. ಇವನ್ಯಾರು?"

ಬೇಡ ಎಂದು ಬರೆದೆ. ಅವರ ಮೇಲೆ ನನಗೆ ನಿಜವಾಗಿ ಕೋಪ ಬಂದದ್ದು ಆವತ್ತೊಂದೇ ದಿನ.

ಆದರೆ ಅಕ್ಕನ ಕೆಲಸ ಎಲ್ಲರೆದುರು ಬಿದ್ದಿತ್ತು. ದಂತವೈದ್ಯ ಸುಮ್ಮನಿರಲಾರದೆ ಏಳನೆಯ ಬಯಲಿನ ಒಂದು ಮಾದರಿ ಮಾಡಿ, ಸಣ್ಣ ವಿಡಿಯೊ ಹಾಕಿದ. ಇದು ಬರೀ ನನ್ನ ಅಭ್ಯಾಸಕ್ಕೆ, ಸಂಗೀತಗಾರರು ಒಪ್ಪದೆ ಮುಂದುವರಿಯುವುದಿಲ್ಲ ಎಂದೂ ಬರೆದಿದ್ದ. ಹೊಳೆ ದಾಟಿಸುವ ಬಯಲು ಅದು. ಮುಂದಿನ ಭಾನುವಾರ ಸೊರಬಕ್ಕೆ ಹೋದಾಗ ಡಾಕ್ಟರಿಗೆ ತೋರಿಸಿದೆ. ಮೊದಲು ಬೇಡ ಎಂದು ಮುಖ ತಿರುಗಿಸಿದರು. ಆಮೇಲೆ ಓರೆಗಣ್ಣಲ್ಲಿ ನೋಡಿದರು. ಆಮೇಲೆ ಫೋನನ್ನೇ ಕಸಿದುಕೊಂಡರು.

ಕುರಿಗಳೆಲ್ಲ ಸಾಲಾಗಿ ನೀರಿಗಿಳಿದು ತೇಲಿಕೊಂಡು ಆಚೆ ದಡಕ್ಕೆ ಹೋಗುತ್ತಿದ್ದವು.

"ಇದೇನ್ರಿ ಇದು? ಬಾತುಕೋಳಿ ಅಂದ್ಕಂಡಾನಾ ಇವನು?"

ವಿಡಿಯೊವನ್ನು ಮತ್ತೊಮ್ಮೆ ಮೊದಲಿಂದ ಓಡಿಸಿದರು.

"ಕುರಿ ನೀರಿಗೆ ಇಳಿಯಲ್ಲ ರೀ. ದಂಡಿ ಮ್ಯಾಲೆ ಗುಂಪು ಕಟ್ಟಿ ನಿಲ್ತಾವೆ. ಹಿಂದಿಂದ ಹೊಡೆದ್ರೆ ಇನ್ನೂ ಒತ್ತಿ ನಿಲ್ತಾವೆ. ಮೊದ್ಲು ಒಂದನ್ನ ಹೆಗಲ ಮ್ಯಾಲೆ ಹೊತ್ಕಂಡು ಆಚೆ ಬಿಡ್ಬೇಕು. ಅದು ಅಲ್ಲಿಂದ ಒದರ್ತತಿ. ಅದನ್ನ ಕೇಳಿ ಇನ್ನೊಂದು ಇಳೀತತಿ. ಆಮ್ಯಾಲೆ ಎಲ್ಲಾ. ಮರಿ ಇರೋ ತಾಯಿ ಕಡೀಗೆ. ಬರ್ಕಳ್ರಿ. ಏನು ನೋಡ್ತೀರಿ, ಬರ್ಕಳ್ರಿ."

ಬರೆದುಕೊಂಡೆ. ಅಷ್ಟು ಉದ್ದದ ಪತ್ರವನ್ನು ಅವರು ಹಿಂದೆಂದೂ ಹೇಳಿ ಬರೆಸಿರಲಿಲ್ಲ. ಒಂದು ಕಡೆಯೂ ನಮಸ್ಕಾರವಿರಲಿಲ್ಲ, ಮುಂದುವರಿಸು ಎಂಬ ಮಾತೂ ಇರಲಿಲ್ಲ. ಬರೀ ಕುರಿ, ನೀರು, ಬೈಗುಳ. ಬೈಗುಳವನ್ನೂ ಬಿಡದೆ ಅನುವಾದಿಸಿದೆ. ದಂತವೈದ್ಯ ಒಂದು ವಾರದೊಳಗೆ ಎಲ್ಲ ತಿದ್ದಿ ಕಳಿಸಿ, ಹೊತ್ತು ತಂದ ಕುರಿ ಒದರುವುದು ಎಷ್ಟು ಹೊತ್ತಿಗೊಮ್ಮೆ ಎಂದು ಕೇಳಿದ. ಡಾಕ್ಟ್ರು ಗೊಣಗುತ್ತಲೇ ಉತ್ತರ ಕೊಟ್ಟರು. ಅವನು ಇನ್ನೊಂದು ಕೇಳಿದ. ಯಾವಾಗ ಒಪ್ಪಿದಿರಿ ಎಂದು ನಾನು ಅವರನ್ನು ಯಾವತ್ತೂ ಕೇಳಲಿಲ್ಲ. ಒಂದು ಭಾನುವಾರ ಹೋದಾಗ ಯಂತ್ರದ ಮೇಲೆ ಬಟ್ಟೆ ಇರಲಿಲ್ಲ, ಅಷ್ಟೇ.

ಎಂಟನೆಯ ಬಯಲು ಮುಗಿಯುವ ಹೊತ್ತಿಗೆ ಬಿಕ್ಕಟ್ಟು ಎದುರಾಯಿತು. ಈ ಹಳೆಯ ಯಂತ್ರದಲ್ಲಿ ಜಾಗ ಬಹಳ ಕಡಿಮೆ. ಈಗಿನ ಫೋನಿನ ಒಂದು ಚಿತ್ರವೂ ಅದರಲ್ಲಿ ಹಿಡಿಸದು. ಆಟ, ಕುರಿ, ಚಿತ್ರ, ಸಂಗೀತ ಎಲ್ಲವೂ ಅಷ್ಟರಲ್ಲೇ ಇರಬೇಕು. ಕುರಿಗಳನ್ನು ನಿಜವಾದ ಕುರಿಗಳ ಹಾಗೆ ನಡೆಸಲು ಹೋಗಿ ಜಾಗವೆಲ್ಲ ತುಂಬಿಹೋಗಿತ್ತು. ದಂತವೈದ್ಯ ಬಹಳ ಸಂಕೋಚದಿಂದ ಬರೆದ: ಒಂದೋ ಹೊಳೆಯ ಬಯಲಿನ ಕುರಿಗಳನ್ನು ಮೊದಲಿನಂತೆ ಸಾಲಾಗಿ ಬಿಡಬೇಕು, ಇಲ್ಲ ಒಂಬತ್ತನೆಯ ಬಯಲಿನ ಸಂಗೀತ ಕತ್ತರಿಸಬೇಕು.

ಒಂಬತ್ತನೆಯದು ಹಿಂಡು ಹಟ್ಟಿ ಸೇರುವ ಮಟ್ಟು. ಡಾಕ್ಟ್ರು ಮಾ‌ಡಿದ್ದರಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು. ಮೂರು ದನಿಗಳೂ ಬೇರೆ ಬೇರೆ ದಾರಿಯಲ್ಲಿ ಬಂದು ಕೊನೆಗೆ ಒಂದೆಡೆ ಸೇರುತ್ತಿದ್ದವು.

"ಸಾಲಾಗಿ ಬಿಡಲಿ ಬಿಡಿ" ಎಂದೆ. "ಅಲ್ಲಿ ಆಡುವವರಿಗೆ ಕುರಿ ಹೇಗೆ ಹೊಳೆ ದಾಟುತ್ತದೆ ಅಂತ ಏನು ಗೊತ್ತು?"

"ನನಗೆ ಗೊತ್ತೈತಲ್ರಿ."

ಒಂದು ವಾರ ಹೋಯಿತು. ಹೆಂಡತಿ ಹೇಳಿದ ಪ್ರಕಾರ ಹಾರ್ಮೋನಿಯಂ ಮುಂದೆ ಕೂತು ಆ ಮಟ್ಟನ್ನು ಒಂದೊಂದೇ ದನಿಯಾಗಿ ಬಿಡಿಸಿ ಬಿಡಿಸಿ ನುಡಿಸುತ್ತಿದ್ದರಂತೆ. ಕೊನೆಗೆ ಎರಡು ದನಿ ತೆಗೆದುಹಾಕಿದರು. ಮೇಲಿನ ಹಾಡನ್ನೂ ತೆಗೆದರು, ಕೆಳಗಿನ ಶ್ರುತಿಯನ್ನೂ ತೆಗೆದರು. ಉಳಿಸಿದ್ದು ನಡುವಿನದನ್ನು. ಯಾರೂ ಗಮನಿಸದೆ ಹಿಂದೆ ಹರಿಯುತ್ತಿದ್ದ ದನಿ ಅದು.

"ಅದೇ ಯಾಕೆ?" ಎಂದು ಕೇಳಿದೆ.

"ಅಕ್ಕ ಬರೆದಿದ್ಲಲ್ಲ, ನೀವೇ ಓದಿ ಹೇಳಿದ್ರಿ. ಅವಳು ಹಿಟ್ಟು ನಾದುವಾಗ ಬಾಯಿಗೆ ಬರೋದು ನಡುವಿಂದೇ ಅಂತ. ಅದೊಂದು ಇದ್ರೆ ನಿಲ್ತತಿ ರೀ. ಉಳಿದದ್ದು ನನ್ನ ಹೆಚ್ಚುಗಾರಿಕೆ."

ಅಕ್ಕನ ಆ ಪತ್ರ ನನಗೆ ಮರೆತೇಹೋಗಿತ್ತು.

ಆಟ ಹೊರಬಂದ ದಿನ ಸೊರಬದ ಅವರ ಮನೆಯ ನಡುಮನೆಯಲ್ಲಿ ನಾವು ಮೂವರು ಟಿವಿಯ ಮುಂದೆ ಕೂತೆವು. ಬೆಳಗಿನ ಹೊತ್ತು, ಬಾಗಿಲು ತೆರೆದೇ ಇತ್ತು. ಪರದೆಯ ಮೇಲೆ ಮೊದಲು ಮೂಡಿದ್ದು ಅಕ್ಕನ ಹೆಸರು. ಅದರ ಕೆಳಗೆ ಡಾಕ್ಟರದ್ದು, ಅದರ ಕೆಳಗೆ ಸಣ್ಣದಾಗಿ ದಂತವೈದ್ಯನದು. ಡಾಕ್ಟರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಯಂತ್ರವನ್ನು ಮಡಿಲಿಗೆ ಎಳೆದುಕೊಂಡರು. ಕುಕ್ಕರ್ ಕೂಗುವುದರೊಳಗೆ ಮುಗಿಸುವ ಆಟವಲ್ಲ ಅದು. ಮೂರು ಸಲ ಹಿಂಡು ಚದುರಿಹೋಯಿತು. ಹೊಳೆಯ ಬಯಲಿನಲ್ಲಿ ಕುರಿಗಾಹಿ ಒಂದು ಕುರಿಯನ್ನು ಹೊತ್ತು ಆಚೆ ಬಿಟ್ಟ. ಅದು ದಡದಲ್ಲಿ ನಿಂತು ಒದರಿತು. ಮಟ್ಟಿನ ಮೂರನೆಯ ದನಿಯನ್ನು ಕಿತ್ತುಕೊಂಡೇ ಒದರಿತು. ಈಚೆಯ ಗುಂಪು ಅಲ್ಲಾಡಿತು, ಒಂದು ಇಳಿಯಿತು, ಆಮೇಲೆ ಎಲ್ಲ ಇಳಿದವು. ಡಾಕ್ಟ್ರು ತಲೆಯಾಡಿಸಿದರು.

ಒಂಬತ್ತನೆಯ ಬಯಲಿನಲ್ಲಿ ಹಟ್ಟಿ ಕಂಡಿತು. ಅಲ್ಲಿಯವರೆಗೆ ತುಂಬಿಕೊಂಡಿದ್ದ ಸಂಗೀತ ಹೋಗಿ ಒಂದೇ ದನಿ ಉಳಿಯಿತು. ಆ ಹಳೆಯ ಟಿವಿಯಿಂದ ಅದು ಯಾರೋ ಕೆಲಸ ಮಾಡುತ್ತ ತಮ್ಮಷ್ಟಕ್ಕೆ ಗುನುಗಿದ ಹಾಗೆ ಕೇಳಿತು. ಕುರಿಗಳು ಒಂದೊಂದಾಗಿ ಒಳಹೋದವು. ಡಾಕ್ಟರ ಹೆಂಡತಿ ಕೀಲಿಗಳ ಮೇಲಿಂದ ಕೈ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಮುಂದಿನದು ಸರಿಯಾಗಿ ಕಾಣಲಿಲ್ಲ. ಮಟ್ಟು ಒಂದು ಸುತ್ತು ಮುಗಿಸಿ ಮತ್ತೆ ಶುರುವಾಯಿತು. ಆಡುವವರು ಎದ್ದು ಹೋಗುವ ತನಕ ಅದು ಹಾಗೇ ಸುತ್ತುತ್ತಿರಬೇಕು.

ಡಾಕ್ಟ್ರು ಮಾತ್ರ ಹುಬ್ಬು ಗಂಟಿಕ್ಕಿ ಟಿವಿಯ ಕಡೆ ಬಾಗಿದ್ದರು. ಎರಡನೆಯ ಸುತ್ತು ಕೇಳಿದರು. ಮೂರನೆಯದನ್ನೂ ಕೇಳಿದರು.

"ಸುತ್ತು ತಿರುಗೋ ಜಾಗದಾಗೆ ಒಂದು ಸ್ವರ ತಡ ಆಗ್ತತಿ ರೀ" ಎಂದರು. "ತಪ್ಪು ಅವಂದಲ್ಲ, ನಂದೇ. ಇವತ್ತೇ ತಿದ್ದಿ ಕಳಿಸ್ತೀನಿ. ಬರ್ಕಳ್ರಿ ಮೇಡಂ."

ನಾನು ಕಣ್ಣೊರೆಸಿಕೊಂಡು ಫೋನ್ ತೆಗೆದೆ. ಅವನಿಗೆ ಬರೆಯುವಾಗಲೆಲ್ಲ ಮೇಲೆ ಯಾವ ಸಂಬೋಧನೆಯೂ ಇಲ್ಲದೆ ನೇರ ವಿಷಯಕ್ಕೆ ಹೋಗುವುದು ನಮ್ಮ ರೂಢಿ. ಹಾಗೇ ಶುರು ಮಾಡಿದ್ದೆ.

"ತಡೀರಿ" ಎಂದರು ಡಾಕ್ಟ್ರು. "ಮ್ಯಾಲೆ ತಮ್ಮ ಅಂತ ಹಾಕ್ರಿ. ಅದರ ಅರ್ಥಾನೂ ಬರೀರಿ, ಅವನಿಗೆ ಗೊತ್ತಾಗಲ್ಲ."